ಅಭಿಪ್ರಾಯವೆಂಬ ಹೆಸರಿನ ಜೂಜು



ಜೂಜಿಗೆ ಹೊಸ ಹೊಸ ಹೆಸರಿಡುವುದರಲ್ಲಿ ಈ ಕಾಲದವರು ನಿಸ್ಸೀಮರು. ಮೊಬೈಲು, ಕಂಪ್ಯೂಟರುಗಳಲ್ಲಿ ನಡೆಯುವ ಇ-ಸ್ಪೋರ್ಟ್ಸ್ ಪಂದ್ಯದಲ್ಲಿ ಯಾವ ತಂಡ ಗೆಲ್ಲುವುದೆಂದು ಹಣ ಕಟ್ಟುವುದಕ್ಕೆ ‘ಪ್ರಿಡಿಕ್ಷನ್ ಮಾರ್ಕೆಟ್’, ‘ಒಪೀನಿಯನ್ ಟ್ರೇಡಿಂಗ್’ ಎಂದು ಹೆಸರು. ಇದು ಜೂಜಲ್ಲ, ತಿಳಿವಳಿಕೆಯ ವ್ಯಾಪಾರ. ಷೇರುಪೇಟೆಯಂತೆ ಇಲ್ಲಿಯೂ ಬೆಲೆಯೇ ಸತ್ಯವನ್ನು ನುಡಿಯುತ್ತದೆ ಎಂದು ಹೆಬ್ಬಾಳದ ಕಡೆ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ದೀರ್ಘವಾಗಿ ಬರೆದಿದ್ದಾನೆ. 2025ರ ಕಾನೂನು ಇದನ್ನು ನಿಷೇಧಿಸಿದ್ದು ಅನ್ಯಾಯವಂತೆ! ಹುಡುಗ ಜಾಣ. ಆದರೂ ಈ ವಾದವನ್ನು ನಾನು ಒಪ್ಪಲಾರೆ.

ಮೊದಲು ಲೆಕ್ಕ (ಗಣಿತದ ಮೇಷ್ಟ್ರ ಚಟ ಎಲ್ಲಿ ಹೋದೀತು?). ‘ಈ ತಂಡ ಗೆಲ್ಲುವುದೇ?’ ಎಂಬ ಪ್ರಶ್ನೆಗೆ ‘ಹೌದು’ ಎನ್ನುವವನು 6 ರೂಪಾಯಿ, ‘ಇಲ್ಲ’ ಎನ್ನುವವನು 4 ರೂಪಾಯಿ ಇಡುತ್ತಾನೆ. ಗೆದ್ದವನಿಗೆ 10. ನಡೆಸುವವರು ಅದರಲ್ಲಿ 50 ಪೈಸೆ ಹಿಡಿದುಕೊಂಡರೆನ್ನಿ; ಇಬ್ಬರೂ ಸೇರಿ ತಂದ ಹತ್ತು ಒಂಬತ್ತೂವರೆಯಾಗಿ ಮರಳುತ್ತದೆ. ಯಶವಂತಪುರದ ಮಂಡಿಯಲ್ಲಿ ಬೆಲೆ ಏರಲಿ, ಇಳಿಯಲಿ, ಕಡೆಗೆ ಯಾರದೋ ಮನೆಗೆ ಈರುಳ್ಳಿ ತಲಪುತ್ತದೆ. ಇಲ್ಲಿ ತಲಪುವುದೇನು?

ಹಣ ಹೋಗುವುದೇ ದೊಡ್ಡ ಹಾನಿಯೆಂದು ನಾನು ಹೇಳುತ್ತಿಲ್ಲ. ಬೆಲೆ ಸತ್ಯ ನುಡಿಯಬೇಕಾದರೆ, ಪಣವೊಡ್ಡಿದವನಿಗೆ ಫಲಿತಾಂಶವನ್ನು ಬದಲಿಸುವ ಶಕ್ತಿ ಇರಕೂಡದು. ನಾಳೆ ಮಳೆ ಬರುವುದೇ ಎಂದು ಹಣ ಕಟ್ಟಿದವನು ಮೋಡವನ್ನು ಕೊಳ್ಳಲಾರ. ಆದರೆ ಸಂಬಳವಿಲ್ಲದೆ, ಹೆಸರಿಲ್ಲದೆ ಸಣ್ಣ ಪಂದ್ಯವೊಂದರಲ್ಲಿ ಆಡುವ ಹತ್ತೊಂಬತ್ತರ ಹುಡುಗನನ್ನು ಕೊಳ್ಳಬಹುದಲ್ಲ! ಪಂದ್ಯ ಚಿಕ್ಕದಾದಷ್ಟೂ ಕೊಳ್ಳುವುದು ಅಗ್ಗ. ದಕ್ಷಿಣ ಕೊರಿಯಾದಲ್ಲಿ 2010ರಲ್ಲಿ ಸ್ಟಾರ್‌ಕ್ರಾಫ್ಟ್ ಆಟದ 11 ಮಂದಿ ಇದೇ ಕಾರಣಕ್ಕೆ ನಿಷೇಧಕ್ಕೊಳಗಾದರು. ಅಷ್ಟು ದೂರವೇಕೆ? ಕ್ರಿಕೆಟ್ಟಿನ ಕರ್ನಾಟಕ ಪ್ರೀಮಿಯರ್ ಲೀಗನ್ನು ನೀವೆಲ್ಲ ಕಂಡವರು. 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್, ಫಿಕ್ಸಿಂಗ್ ಆರೋಪದ ಮೇಲೆ ತಂಡದ ಮಾಲೀಕರೊಬ್ಬರನ್ನೂ ಹಲವು ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟು, ಫಿಕ್ಸಿಂಗ್ ನಡೆದಿದ್ದರೂ ಅದು ಭಾರತೀಯ ದಂಡಸಂಹಿತೆಯ 420ನೇ ಕಲಮಿನ ವಂಚನೆಯಾಗದೆಂದು ಆಟಗಾರರ ಮೇಲಿನ ಪ್ರಕರಣವನ್ನು ರದ್ದುಗೊಳಿಸಿತು. ಆ ಹೆಸರಿನ ಲೀಗ್ 2019ರ ಬಳಿಕ ನಡೆಯಲೇ ಇಲ್ಲ.

‘ಇದು ಕೌಶಲ’ ಎಂಬ ಮಾತು ಹಳೆಯದು. ಆ ಭೇದವನ್ನು ಹಿಡಿದೇ ರಾಜ್ಯದ 2021ರ ತಿದ್ದುಪಡಿ ಕಾಯಿದೆಯನ್ನು 2022ರ ಫೆಬ್ರವರಿ 14ರಂದು ಹೈಕೋರ್ಟು ಅಸಿಂಧುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯಾದರೋ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣವಿಟ್ಟು ಹಣ ಪಡೆಯುವ ಆಟವೇ ನಿಷಿದ್ಧ. ಅದೇ ಕಾಯಿದೆ ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಮನ್ನಿಸುತ್ತದೆ. ಆಡುವವನಾಗಲಿ ನೋಡುವವನಾಗಲಿ ಅದರ ಮೇಲೆ ಪಣವೊಡ್ಡಕೂಡದೆಂಬುದೇ ನಿಬಂಧನೆ. ವಿವೇಕದ ಮಾತು ಎಂಬುದು ನನ್ನ ಅಭಿಪ್ರಾಯ (ಇದಕ್ಕೆ ಹಣ ಕಟ್ಟಬೇಕಾಗಿಲ್ಲ!).

ಅಮೆರಿಕದಲ್ಲಿ ಇದು ಬಹಿರಂಗವಾಗಿಯೇ ನಡೆಯುತ್ತಿದೆಯಲ್ಲ ಎಂದು ಅವನ ಕೊನೆಯ ಬಾಣ. ನಡೆಯಲಿ. ಯಲಹಂಕ, ಆರ್.ಟಿ. ನಗರದ ಮನೆಗಳಲ್ಲಿ ರಾತ್ರಿ ನಿದ್ದೆಗೆಟ್ಟು ಅಭ್ಯಾಸಮಾಡುವ ಮಕ್ಕಳು ನಮ್ಮವರು. ಅಂಥ ಹುಡುಗನೊಬ್ಬ ಸೋತರೆ ಲಾಭವಾಗುವ ನೂರು ಜನ ಅಪರಿಚಿತರನ್ನು ಅವನ ಬೆನ್ನ ಹಿಂದೆ ನಿಲ್ಲಿಸುವುದು ಯಾವ ತಿಳಿವಳಿಕೆ? ಇದಕ್ಕೆ ನಿನ್ನ ಉತ್ತರ ಬರಲಪ್ಪ. ಷೇರುಪೇಟೆಯ ಹೋಲಿಕೆ ಮಾತ್ರ ಬೇಡ.