ಕೊಳದ ಧೈರ್ಯ, ಕೆರೆಯ ಭಯ

ಈಜು ಬಲ್ಲವನಿಗೆ ನೀರಿನ ಭಯವೇಕೆಂದು ಗೆಳೆಯರು ನಗುವುದುಂಟು. ಅಗ್ರಹಾರದಿಂದ ಸೈಕಲ್ ತುಳಿದು ಸರಸ್ವತೀಪುರದ ಈಜುಕೊಳಕ್ಕೆ ಹೋಗುವ ನಾನು ಅಲ್ಲಿ ಧೀರನೇ ಸರಿ. ಆದರೆ ಈಜು, ಸೈಕಲ್, ಓಟ ಮೂರೂ ಕೂಡಿದ ಟ್ರಯಥ್ಲಾನ್ ಸ್ಪರ್ಧೆಯ ಅಭ್ಯಾಸಕ್ಕೆಂದು ಊರ ಕೆರೆಗಿಳಿದಾಗ, ತಳ ಕಾಣದೆ, ಹಿಡಿಯಲು ಗೋಡೆಯಿಲ್ಲದೆ ಉಸಿರುಕಟ್ಟಿತು. ಒಲಿಂಪಿಕ್ ಕ್ರಮದಲ್ಲಾದರೆ ಹೀಗೆ 1,500 ಮೀಟರ್ ಈಜಬೇಕು! ದಡದಲ್ಲಿದ್ದ ಸೋದರಮಾವ, “ಕೈಕಾಲು ಬಡೀಬೇಡ ಕಣೋ, ಅಂಗಾತ ಮಲಗು” ಎಂದು ಕೂಗಿದರು. ತೇಲಿದೆ; ಉಸಿರು ಹದಕ್ಕೆ ಬಂತು.

ಇದು ಹೇಡಿತನವಲ್ಲ. ತಣ್ಣೀರು ಸೋಕಿದೊಡನೆ ಏದುಸಿರು ಬರುವುದು ದೇಹಧರ್ಮ. ಒಂದೆರಡು ನಿಮಿಷ ತೇಲಿದರೆ ಇಳಿಯುತ್ತದೆ. ಹಿಂದೆ ಹಳ್ಳಿಯ ಹಿರಿಯರು ಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮೊದಲು ತೇಲಿಸುತ್ತಿದ್ದುದು ಸುಮ್ಮನಲ್ಲ. ಭಯವನ್ನು ಹೀಯಾಳಿಸಿದರೆ ಹುಡುಗರು ಒಂಟಿಯಾಗಿ ಕಾವೇರಿಗೆ ಧುಮುಕಿಯಾರು. ಒಪ್ಪಿಕೊಂಡರೆ ಬಲ್ಲವರೊಡನೆ ಇಳಿದಾರು. ನಮ್ಮ ಕಾಲೇಜು ವೇಗಕ್ಕಿಂತ ಮೊದಲು ತೇಲುವುದನ್ನು ಕಲಿಸಲಿ.