ಹಿತ್ತಲ ಹಕ್ಕಿ, ಕಂತು 9: ಕಲ್ಲು ಒಗದು ತಗದ ಫೋಟೋ

(1/4)
ಮೊದಲು ಹೆಸರಿನ ಜಗಳ ಮುಗಿಸೋಣ. ಕ್ಲಾಸ್ ಗ್ರೂಪಿನ್ಯಾಗ "ಬ್ಲೂ ಜೇ ಸಿಕ್ತು" ಅಂತ ಹಾಕಿದ್ರಲ್ಲ, ಅದು ಬ್ಲೂ ಜೇ ಅಲ್ಲ. ಬ್ಲೂ ಜೇ ಅಮೆರಿಕಾದ್ದು, ಕಾಗಿ ಬಳಗದ ಹಕ್ಕಿ. ನಮ್ಮ ಹಿತ್ತಲದ ವಾಯರ್ ಮ್ಯಾಲೆ ಕೂಡೋದು ನೀಲಕಂಠ. ಬ್ರಿಟಿಷರು ಇದರ ನೀಲಿ ನೋಡಿ ಬ್ಲೂ ಜೇ ಅಂದ್ರು, ಅವರು ಹೋದ್ರೂ ಹೆಸರು ಉಳೀತು. ನವೆಂಬರ್ 1ಕ್ಕ "ನಮ್ಮ ರಾಜ್ಯಪಕ್ಷಿ" ಅಂತ ಸ್ಟೇಟಸ್ ಹಾಕೋ ಅವಸರದಾಗ ಆ ಹೆಸರಿಲೆ ಹುಡುಕಿದ್ರ, ಜುಟ್ಟು ಇರೋ ಅಮೆರಿಕಾದ ಹಕ್ಕಿ ಬಂದು ಹಳದಿ-ಕೆಂಪು ಬಾವುಟದ ಬಾಜೂಕ ಕೂಡತೈತಿ. ಇರ್ಲಿ, ಅದು ನಗೋ ವಿಷಯ. ಮುಂದಿಂದು ಅಲ್ಲ.

(2/4)
ನೀಲಕಂಠ ಸುಮ್ನ ಕೂತಾಗ ಅಷ್ಟೇನು ಚಂದ ಕಾಣೂದಿಲ್ಲ. ಕಂದು ಬೆನ್ನು, ದಪ್ಪ ತಲಿ. ಹೆಸರು ನೀಲಕಂಠ, ಕಂಠ ಮಾತ್ರ ನಸುಗೆಂಪು-ನೇರಳೆ, ಅದರಾಗ ಬಿಳಿ ಗೀರು. ನೀಲಿ ಎಲ್ಲಾ ರೆಕ್ಕಿ ಒಳಗ ಮುಚ್ಚಿಟ್ಟಿರತೈತಿ, ಹಾರಿದಾಗಷ್ಟ ಬಿಚ್ಚತೈತಿ. ನಿಮಗ ಆ ನೀಲಿ ಬೇಕು. ಅದಕ್ಕ ಒಬ್ಬಾಂವ ಮೊಬೈಲ್ ಹಿಡದು ನಿಲ್ತಾನ, ಇನ್ನೊಬ್ಬಾಂವ ಕಲ್ಲು ಒಗೀತಾನ. ಸ್ಲೋ ಮೋಷನ್, ಸಿನಿಮಾ ಹಾಡು, ರೀಲ್ ರೆಡಿ.

ಇದನ್ನ ಫೋಟೋಗ್ರಫಿ ಅನ್ನಬ್ಯಾಡ್ರಿ. ಕಾಗಿ ಓಡಿಸೋದಕ್ಕೂ ಇದಕ್ಕೂ ಏನು ಫರಕು?

ಹಕ್ಕಿ ಮ್ಯಾಲೆ ಕರುಣಾ ಇಲ್ಲಾಂದ್ರ ನಿಮ್ಮ ಫೋಟೋ ಮ್ಯಾಲರೆ ಇಟ್ಕೋರಿ. ಅಂಜಿದ ಹಕ್ಕಿ ನಿಮ್ಮ ಕಡೆ ಬರೂದಿಲ್ಲ, ದೂರ ಹೋಗತೈತಿ. ಅಂದ್ರ ನಿಮಗ ಸಿಗೋದು ಬಾಲ. ನೀಲಕಂಠ ಬ್ಯಾಟಿ ಆಡೋ ರೀತಿ ಸ್ವಲ್ಪ ತಿಳಕೋರಿ. ಕಂಬದ ಮ್ಯಾಲೆ ಕೂತು ಕೆಳಗ ನೋಡ್ತಿರತೈತಿ. ಮಿಡತಿ, ಹುಳ, ಓತಿಕ್ಯಾತ ಕಂಡ್ರ ದಪ್ಪಂತ ಇಳೀತೈತಿ, ಹಿಡಕೊಂಡು ಎಷ್ಟೋ ಸಲ ಅದ ಕಂಬಕ್ಕ ವಾಪಸ್ ಬರತೈತಿ. ಮುಂಜಾನೆ ಬಿಸಲು ಏರೂಕಿಂತ ಮೊದಲು ಹೋಗಿ ಬದುವಿನ ಮ್ಯಾಲೆ ಸುಮ್ನ ಕೂಡ್ರಿ. ಬೆಳಕು ನಿಮ್ಮ ಬೆನ್ನಿಗಿರ್ಲಿ. ಕಂಬಕ್ಕ ಫೋಕಸ್ ಹಿಡದು, ಶಟರ್ 1/2000ಕ್ಕ ಇಡ್ರಿ. ವಾಪಸ್ ಬರೋ ಹಕ್ಕಿ ಎರಡೂ ರೆಕ್ಕಿ ಬಿಚ್ಚಿ, ಬಾಯಾಗ ಮಿಡತಿ ಹಿಡಕೊಂಡು ನಿಮ್ಮ ಕಡೆನ ಬರಬಹುದು. ಕಲ್ಲಿನಿಂದ ಅಂಥಾ ಫ್ರೇಮ್ ಸಿಗೂದಿಲ್ಲ. (ಎರಡನೇ ಸ್ಲೈಡ್ ನೋಡ್ರಿ. ನಲವತ್ತು ನಿಮಿಷ ಕೂತಿದ್ದು ಅದು, ಕಾಲು ಜೋಮು ಹಿಡದಿತ್ತು.)

(3/4)
ಗೂಡಿನ ವಿಷಯಕ್ಕ ಬರೋಣ. ಇದು ಕಲ್ಲಿಗಿಂತ ಕೆಟ್ಟದ್ದು.

ಬ್ಯಾಸಗಿ ಬಂತಂದ್ರ ನೀಲಕಂಠ ಹಳೇ ಗಿಡದ ಪೊಟರೆ, ಒಣಗಿದ ತೆಂಗು, ಬಿದ್ದ ಗ್ವಾಡಿ ಸಂದಿ ಹುಡುಕತೈತಿ. ತಾನ ಪೊಟರೆ ಕೊರಿಯೂದಿಲ್ಲ, ಇದ್ದದ್ದು ಸಿಗಬೇಕು. ಒಳಗ ಮೂರೋ ನಾಲ್ಕೋ ಐದೋ ಬಿಳಿ ತತ್ತಿ. ಮರಿ ಆದಮ್ಯಾಲೆ ಇಡೀ ದಿನ ತಿನ್ನಾಕ ತಂದು ಹಾಕಬೇಕು. ಆ ಹೊತ್ತಿಗೆ ನೀವು ಐದು ಮಂದಿ ಗಿಡದ ಬುಡಕ್ಕ ನಿಂತ್ರ ತಾಯಿ-ತಂದಿ ಬರೂದಿಲ್ಲ, ದೂರ ಕೂತು "ಕ್ಯಾಕ್ ಕ್ಯಾಕ್" ಅಂತಿರತಾವ. ನಿಮ್ಮ ವಿಡಿಯೋದಾಗ ಅದಕ್ಕ "ಹಾಡು" ಅಂತ ಕ್ಯಾಪ್ಷನ್! ಇನ್ನು ಫ್ರೇಮಿಗೆ ಅಡ್ಡ ಬಂತಂತ ಟೊಂಗಿ ಮುರಿಯೋರು ಬ್ಯಾರೆ. ಆ ಟೊಂಗಿನ ಕಾಗಿ ಕಣ್ಣಿಗೆ ಪೊಟರೆ ಬೀಳಧಂಗ ಮರಿಮಾಡಿತ್ತು.

ಕಾಯ್ದೆ ಏನಂತೈತಿ ಗೊತ್ತೇನ್ರಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ "ಬೇಟೆ" ಅಂದ್ರ ಕೊಲ್ಲೋದಷ್ಟ ಅಲ್ಲ. ಹಿಡಿಯೋದು, ಬೆನ್ನಟ್ಟೋದು, ಆಸಿ ತೋರಿಸಿ ಕರಿಯೋದು, ಹಕ್ಕಿ ತತ್ತಿಗೆ, ಗೂಡಿಗೆ ತೊಂದ್ರಿ ಕೊಡೋದೂ ಬೇಟೆನ. ದಸರಾದಾಗ ನೀಲಕಂಠ ಕಂಡ್ರ ಶುಭ ಅಂತ ಹೈದರಾಬಾದ್ ಕಡೆ ಹಿಡದು ಪಂಜರದಾಗ ತಂದು ತೋರಸ್ತಾರ ಅಂತ ಕೇಳಿ ನಾವು ಬೈತೀವಿ. ಬೈರಿ. ಆದ್ರ ಸ್ಟಿಕ್ಕಿನ ತುದಿಗೆ ಮೊಬೈಲ್ ಕಟ್ಟಿ ಪೊಟರೆಯೊಳಗ ತೂರಿಸೋರು ಅವರನ್ನ ಬೈಯಾಕ ಹೋಗಬ್ಯಾಡ್ರಿ. ಒಂದು ಕಾಲಕ್ಕ ಯುರೋಪಿನ ಹೆಂಗಸರ ಟೊಪ್ಪಿಗಿ ಸಲುವಾಗಿ ನಮ್ಮ ದೇಶದ ಹಕ್ಕಿ ಕೊಂದು ಪುಕ್ಕ ಹಡಗಿಗೆ ಏರಸ್ತಿದ್ರು, ಅದರಾಗ ನೀಲಕಂಠನೂ ಇತ್ತು. 1902ರಾಗ ಬ್ರಿಟಿಷ್ ಸರಕಾರನ ಆ ರಫ್ತು ನಿಲ್ಲಿಸಬೇಕಾತು. ಈಗ ಟೊಪ್ಪಿಗಿ ಇಲ್ಲ, ಲೈಕ್ ಐತಿ.

(4/4)
"ನಮ್ಮ ಒಂದು ಹಳ್ಳಿನಿಂದ ಏನಾಗತೈತಿ? ಗಿಡ ಕಡಿಯೋರನ್ನ ಕೇಳು, ಔಷಧ ಹೊಡಿಯೋರನ್ನ ಕೇಳು" ಅಂತೀರಿ. ಖರೆ, ಅದು ದೊಡ್ಡ ಪೆಟ್ಟು. ಬೈಲಹೊಂಗಲದ ಎರಿ ಹೊಲದ ಬದುವಿನ ಬೇವು, ಸವದತ್ತಿ ಕಡೆ ಮಲಪ್ರಭಾ ದಂಡಿ ಕರಿಜಾಲಿ, ರಾಮದುರ್ಗದ ಹಾದಿಯ ಹಳೇ ಗಿಡ, ಕಿತ್ತೂರ ಕಡೆ ಮಾವು, ಇವೆಲ್ಲಾ ಇದ್ರನ ಪೊಟರೆ. ಮಿಡತಿಗೆ ಔಷಧ ಹೊಡದ ಹೊಲದಾಗ ನೀಲಕಂಠಕ್ಕ ಊಟ ಇಲ್ಲ. 2023ರ ಭಾರತದ ಹಕ್ಕಿಗಳ ಸ್ಥಿತಿ ವರದಿಯೊಳಗ, ಇಳಿಯಾಕ ಹತ್ತ್ಯಾವ, ಜಾಗತಿಕ ಕೆಂಪು ಪಟ್ಟಿಯಾಗ ಮತ್ತೊಮ್ಮೆ ಪರಿಶೀಲಿಸಬೇಕು ಅಂದ ಹಕ್ಕಿಗಳ ಸಾಲಿನ್ಯಾಗ ನೀಲಕಂಠನೂ ಐತಿ. ವಾಯರ್ ಮ್ಯಾಲೆ ದಿನಾ ಕಾಣೋ ಹಕ್ಕಿ ಇದು! ಕಡಿಮಿ ಆಗಾಕ ಹತ್ತಿದ್ದಕ್ಕನ ಉಳಿದ ಒಂದು ಗೂಡಿಗೆ ಬೆಲಿ ಜಾಸ್ತಿ. ದೊಡ್ಡಾಂವ ಹೊಡೀತಾನಂತ ಸಣ್ಣಾಂವನೂ ಹೊಡಿಯೋದು ಎಲ್ಲಿ ನ್ಯಾಯ?

ಇನ್ನ ಮುಂದ ಈ ಪೇಜಿನ್ಯಾಗ ಗೂಡಿನ ಫೋಟೋ ರಿಪೋಸ್ಟ್ ಆಗೂದಿಲ್ಲ, ಟ್ಯಾಗ್ ಮಾಡಿದ್ರೂ ತಗೀತೀನಿ, ದೋಸ್ತರದಾದ್ರೂ. "ಲೊಕೇಶನ್ ಕಳ್ಸಲೇ" ಅಂತ ಡಿಎಂ ಮಾಡೋರಿಗೆ ಉತ್ತರ ತಾಲೂಕಿನ ಹೆಸರಷ್ಟ. ಕೂತು ಕಾದು ತಗದ ಫೋಟೋ ಇದ್ರ, ಬರೇ ಕಂದು ಬೆನ್ನು ಕಂಡ್ರೂ ನಡೀತೈತಿ, ಕಳಸ್ರಿ. ಎಷ್ಟು ಹೊತ್ತು ಕೂತಿದ್ರಿ ಅನ್ನೋದೂ ಬರೀರಿ.

#ಹಿತ್ತಲಹಕ್ಕಿ #ನೀಲಕಂಠ #ಬೈಲಹೊಂಗಲ #ಕಲ್ಲುಬ್ಯಾಡ