ಸುಣ್ಣಕಲ್ಲಿನ ಲೋಹ, ಹೃದಯದ ಬಡಿತ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಸುಣ್ಣಕಲ್ಲಿನ ನೆಲದ ಬಾವಿ ನೀರಿನಿಂದ ಬಟ್ಟೆ ಒಗೆದವರಿಗೆ ಗೊತ್ತು, ಎಷ್ಟು ತಿಕ್ಕಿದರೂ ಸಾಬೂನಿನ ನೊರೆ ಬೇಗ ಏಳುವುದಿಲ್ಲ. ಶಹಾಬಾದಿನ ಹಾಸುಗಲ್ಲು ಸುಣ್ಣಕಲ್ಲೇ. ವಾಡಿ, ಸೇಡಂಗಳ ಸಿಮೆಂಟಿಗೆ ಮೂಲವೂ ಅದೇ. ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಕರಗದ ಗಷ್ಟಾಗುತ್ತದೆ. ಕ್ಯಾಲ್ಸಿಯಂ ಒಂದು ಲೋಹ. ಅಂದಮೇಲೆ ಸಾಬೂನಿನ ತುಂಡು ನಮ್ಮ ಮನೆಯ ಲೋಹಪರೀಕ್ಷಕ!

ಕ್ಯಾಲ್ಸಿಯಂ ಎಲುಬಿಗೆ ಬೇಕೆಂದು ಹೇಳಿ ಮಕ್ಕಳಿಗೆ ಹಾಲು ಕುಡಿಸುತ್ತೇವೆ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಎಲುಬು, ಹಲ್ಲುಗಳಲ್ಲೇ ಇದೆ. ಹಾಗಾದರೆ ಉಳಿದ ಶೇಕಡ 1ಕ್ಕೆ ಏನು ಕೆಲಸ?

ಇದರ ಸುಳಿವು ಸಿಕ್ಕಿದ್ದು 1883ರಲ್ಲಿ, ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಅವರಿಗೆ. ಅವರ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಬಹಳ ಹೊತ್ತು ಬಡಿಯುತ್ತಿತ್ತು. ಅದೇ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಿದಾಗ ಬಡಿತ ಬೇಗ ನಿಂತಿತು. ಮೊದಲಿನದನ್ನು ನಲ್ಲಿ ನೀರಿನಲ್ಲಿ ಮಾಡಲಾಗಿತ್ತು. ಅದರಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸಿತ್ತು.

ಆದರೆ ಜೀವಂತ ಕೋಶದೊಳಗೆ ಅದನ್ನು ಕಾಣುವುದು ಹೇಗೆ? ವಿಶ್ರಾಂತಿಯಲ್ಲಿರುವ ಕೋಶದೊಳಗೆ ಮುಕ್ತವಾಗಿ ಓಡಾಡುವ ಕ್ಯಾಲ್ಸಿಯಂ, ಹೊರಗಿರುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಸಾಬೂನು ಇಲ್ಲಿ ನಡೆಯದು. ಅದು ಕೋಶವನ್ನೇ ಕೆಡಿಸುತ್ತದೆ. ಕ್ಯಾಲ್ಸಿಯಂಗೂ ಮೆಗ್ನೀಸಿಯಂಗೂ ಭೇದವೆಣಿಸುವುದಿಲ್ಲ.

ಈ ತೊಡಕನ್ನು ಬಿಡಿಸಿದವರು ರೋಜರ್ ಚೆನ್. ಅವರೂ ಸಂಗಡಿಗರೂ 1985ರಲ್ಲಿ ಪ್ರಕಟಿಸಿದ 'ಫ್ಯೂರಾ-2' ಎಂಬ ಪ್ರತಿದೀಪ್ತ ಬಣ್ಣದ ಅಣುವಿಗೆ ಉಗುರಿನಂಥ ಹಿಡಿತವಿದೆ. ಅದು ಮೆಗ್ನೀಸಿಯಂ ಅನ್ನು ಬಹುಮಟ್ಟಿಗೆ ಬಿಟ್ಟು ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ಎರಡು ಬಗೆಯ ಅತಿನೇರಳೆ ಬೆಳಕನ್ನು ಸರದಿಯಲ್ಲಿ ಹಾಯಿಸಿದರೆ, ಕ್ಯಾಲ್ಸಿಯಂ ಸಿಕ್ಕಾಗ ಒಂದರಲ್ಲಿ ಹೊಳಪು ಹೆಚ್ಚುತ್ತದೆ, ಇನ್ನೊಂದರಲ್ಲಿ ಕುಗ್ಗುತ್ತದೆ. ಇವೆರಡರ ಅನುಪಾತವೇ ಲೋಹದ ಅಳತೆ. ಬಣ್ಣವನ್ನು ಒಳಗೆ ಕಳಿಸಲೂ ಒಂದು ಉಪಾಯವಿದೆ. ಅಣುವಿಗೆ ತೊಡಿಸಿದ ಮುಸುಕಿನಿಂದ ಅದು ಕೋಶದ ಪೊರೆ ದಾಟುತ್ತದೆ. ಒಳಗಿನ ಕಿಣ್ವಗಳು ಮುಸುಕು ಕಳಚಿದಾಗ ಅಲ್ಲೇ ಉಳಿಯುತ್ತದೆ.

ಇಂಥ ಬಣ್ಣಗಳಿಂದ, ಸ್ನಾಯು ಕುಗ್ಗುವಾಗ, ನರಕೋಶ ಕೆಲಸ ಮಾಡುವಾಗ ಕ್ಯಾಲ್ಸಿಯಂ ಒಮ್ಮೆಲೇ ಏರಿ ಇಳಿಯುವುದನ್ನು ಕಣ್ಣಾರೆ ಕಾಣುವಂತಾಯಿತು. ಆ ಶೇಕಡ 1ರಲ್ಲಿ ಇಂಥ ಸಂದೇಶವಾಹಕರೂ ಇದ್ದಾರೆ. ಈಗ ಸತು, ತಾಮ್ರ, ಪಾದರಸಗಳನ್ನು ಹುಡುಕುವ ಬಣ್ಣಗಳೂ ಇವೆ.

2008ರಲ್ಲಿ ಹಸಿರು ಹೊಳೆಯುವ ಪ್ರೋಟೀನಿನ ಕೆಲಸಕ್ಕಾಗಿ ನೊಬೆಲ್ ಹಂಚಿಕೊಂಡ ಚೆನ್, ಹುಡುಗನಾಗಿದ್ದಾಗ ಮನೆಯಲ್ಲೇ ರಸಾಯನ ಪ್ರಯೋಗ ಮಾಡುತ್ತಿದ್ದವರು. ನೀವೂ ಒಂದು ಪ್ರಯೋಗ ಮಾಡಿ. ಒಂದು ಬಾಟಲಿಯಲ್ಲಿ ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಬಾವಿ ನೀರು ತೆಗೆದುಕೊಳ್ಳಿ. ಸಾಬೂನು ನೀರನ್ನು ಹನಿಹನಿಯಾಗಿ ಹಾಕಿ ಕುಲುಕಿ. ನೊರೆ ನಿಲ್ಲಲು ಎಷ್ಟೆಷ್ಟು ಹನಿ ಬೇಕಾಯಿತೆಂದು ಎಣಿಸಿ, ಅಪ್ಪ ಅಮ್ಮನಿಗೂ ತೋರಿಸಿ.